ಲಡ್ಲೋದಿಂದ ಬಾತ್‌ವರೆಗೆ: ಬ್ರಿಟನ್ನಿನ ಗೇಮ್ ಪತ್ರಿಕೆಗಳ ಕಾಲ

ವಿಡಿಯೊ ಗೇಮ್‌ಗಳಿಗೇ ಮೀಸಲಾದ ಪತ್ರಿಕೆಗಳು ಇಂಗ್ಲಿಷಿನಲ್ಲಿ ತಲೆಯೆತ್ತಿದ್ದು 1981ರ ಕೊನೆಯ ತಿಂಗಳುಗಳಲ್ಲಿ. ಆ ನವೆಂಬರಿನಲ್ಲಿ ಬ್ರಿಟನ್ನಿನ ಈಮ್ಯಾಪ್ ಸಂಸ್ಥೆ ‘ಕಂಪ್ಯೂಟರ್ ಅಂಡ್ ವಿಡಿಯೊ ಗೇಮ್ಸ್’ ಎಂಬ ಮಾಸಪತ್ರಿಕೆಯನ್ನು ಹೊರತಂದಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ‘ಎಲೆಕ್ಟ್ರಾನಿಕ್ ಗೇಮ್ಸ್’ ಮತ್ತು ‘ಕಂಪ್ಯೂಟರ್ ಗೇಮಿಂಗ್ ವರ್ಲ್ಡ್’ ಕಾಣಿಸಿಕೊಂಡವು. ‘ಎಲೆಕ್ಟ್ರಾನಿಕ್ ಗೇಮ್ಸ್’ ಕಟ್ಟಿದ ಆರ್ನಿ ಕಾಟ್ಜ್, ಬಿಲ್ ಕುಂಕೆಲ್, ಜಾಯ್ಸ್ ವರ್ಲಿ ಎಂಬ ಮೂವರು ಅದಕ್ಕೂ ಮೊದಲು ಇನ್ನೊಂದು ಪತ್ರಿಕೆಯಲ್ಲಿ ಆಟಗಳ ಬಗ್ಗೆ ಅಂಕಣ ನಡೆಸುತ್ತಿದ್ದರು. ‘ಸ್ಪೇಸ್ ಇನ್ವೇಡರ್ಸ್’ ಮತ್ತು ‘ಪ್ಯಾಕ್-ಮ್ಯಾನ್’ ಹುಚ್ಚು ಏರಿದ್ದ ಕಾಲವದು. ಒಂದು ಅಂಕಣದಲ್ಲಿ ಹಿಡಿಸಲಾರದಷ್ಟು ಸರಕು ಸಿಕ್ಕಿದ್ದರಿಂದ ಅಂಕಣವೇ ಪತ್ರಿಕೆಯಾಯಿತು. ಆದರೆ 1983ರಲ್ಲಿ ಅಮೆರಿಕದ ಗೇಮ್ ಮಾರುಕಟ್ಟೆ ನೆಲಕಚ್ಚಿತು. ಮಾರಾಟವಾಗದ ಕಾರ್ಟ್ರಿಜ್‌ಗಳು ಅಂಗಡಿಗಳಲ್ಲಿ ರಾಶಿ ಬಿದ್ದವು, ಜಾಹೀರಾತು ನಿಂತಿತು. ‘ಎಲೆಕ್ಟ್ರಾನಿಕ್ ಗೇಮ್ಸ್’ 1985ರ ಹೊತ್ತಿಗೆ ಕಣ್ಮುಚ್ಚಿತು.

ಬ್ರಿಟನ್ನಿಗೆ ಆ ಕುಸಿತದ ಬಿಸಿ ಹೆಚ್ಚು ತಟ್ಟಲಿಲ್ಲ. ಅಲ್ಲಿನ ಮಕ್ಕಳು ಆಡುತ್ತಿದ್ದುದು ದುಬಾರಿ ಕಾರ್ಟ್ರಿಜ್ ತಿನ್ನುವ ಯಂತ್ರಗಳಲ್ಲಿ ಅಲ್ಲ, ಮನೆಯ ಟೀವಿಗೆ ಜೋಡಿಸುವ ಅಗ್ಗದ ಕಂಪ್ಯೂಟರುಗಳಲ್ಲಿ. 1982ರ ಏಪ್ರಿಲಿನಲ್ಲಿ ಬಂದ ಸಿಂಕ್ಲೇರ್ ಜಡ್‌ಎಕ್ಸ್ ಸ್ಪೆಕ್ಟ್ರಮ್‌ನ ಚಿಕ್ಕ ಮಾದರಿಗೆ 125 ಪೌಂಡ್, ದೊಡ್ಡದಕ್ಕೆ 175. ಅದರ ಹಿಂದೆಯೇ ಕಮಡೋರ್ 64 ಬಂತು, 1984ರಲ್ಲಿ ಆ್ಯಮ್‌ಸ್ಟ್ರಾಡ್ ಬಂತು. ಆಟಗಳು ಹಾಡಿನ ಕ್ಯಾಸೆಟ್ಟಿನಂಥದೇ ಕ್ಯಾಸೆಟ್‌ಗಳಲ್ಲಿ ಸಿಗುತ್ತಿದ್ದವು. ಟೇಪ್ ರೆಕಾರ್ಡರಿಗೆ ಹಾಕಿ, ಆ ಕೀರಲು ಸದ್ದನ್ನು ಕೆಲವು ನಿಮಿಷ ಸಹಿಸಿಕೊಂಡರೆ ಆಟ ತೆರೆದುಕೊಳ್ಳುತ್ತಿತ್ತು. ಹದಿಹರೆಯದ ಹುಡುಗರೇ ತಮ್ಮ ಕೋಣೆಗಳಲ್ಲಿ ಕೂತು ಆಟ ಬರೆದರು, ಸಣ್ಣಪುಟ್ಟ ಕಂಪನಿಗಳು ಅವನ್ನು ಕ್ಯಾಸೆಟ್ಟಿಗೆ ತುಂಬಿ ಮಾರಿದವು. ತಿಂಗಳಿಗೆ ಹತ್ತಾರು ಹೊಸ ಆಟಗಳು. ಎಲ್ಲದರ ಹೊದಿಕೆಯ ಮೇಲೂ ಖಡ್ಗವೀರರು, ಅಂತರಿಕ್ಷ ನೌಕೆಗಳು. ಒಳಗೆ ಬಹುಪಾಲು ಜೊಳ್ಳು. ದಿನಪತ್ರಿಕೆಗಳಿಗೆ ಈ ಲೋಕದ ಗಂಧವೇ ಇರಲಿಲ್ಲ, ಟೀವಿಯೂ ಅಪರೂಪಕ್ಕೊಮ್ಮೆ ಇಣುಕಿ ನೋಡುತ್ತಿತ್ತು. ಆರೇಳು ಪೌಂಡ್ ಪಾಕೆಟ್ ಮನಿ ಹಿಡಿದು ಅಂಗಡಿಯಲ್ಲಿ ನಿಂತ ಹುಡುಗನಿಗೆ ಯಾವುದನ್ನು ಕೊಳ್ಳಬೇಕೆಂದು ಹೇಳುವವರು ಪತ್ರಿಕೆಗಳನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಮೊದಮೊದಲು ಈ ಪತ್ರಿಕೆಗಳು ಆಟಗಳ ಸುದ್ದಿ ಕೊಡುವುದಕ್ಕಿಂತ ಆಟಗಳನ್ನೇ ಅಚ್ಚು ಹಾಕಿ ಕೊಡುತ್ತಿದ್ದವು. ಬೇಸಿಕ್ ಭಾಷೆಯ ಪ್ರೋಗ್ರಾಂ ಪುಟಗಟ್ಟಲೆ ಸಾಲುಸಾಲಾಗಿ ಅಚ್ಚಾಗುತ್ತಿತ್ತು. ಓದುಗ ಅದನ್ನು ಅಕ್ಷರಕ್ಷರ ತನ್ನ ಕಂಪ್ಯೂಟರಿಗೆ ಊಡಬೇಕು. ಗಂಟೆಗಳ ಕೆಲಸ ಅದು. ಒಂದು ಅಲ್ಪವಿರಾಮ ತಪ್ಪಿದರೆ ಆಟ ಏಳುವುದಿಲ್ಲ. ಅಚ್ಚಿನಲ್ಲೇ ತಪ್ಪಿದ್ದರೆ ತಿದ್ದುಪಡಿಗೆ ಮುಂದಿನ ತಿಂಗಳವರೆಗೆ ಕಾಯಬೇಕು. ಈ ಕಾಯಕದಲ್ಲಿ ಎಷ್ಟೋ ಮಕ್ಕಳು ಪ್ರೋಗ್ರಾಮಿಂಗ್ ಕಲಿತರು. ತಪ್ಪು ಯಾವ ಸಾಲಿನಲ್ಲಿದೆ ಎಂದು ಹುಡುಕುವುದೇ ಅವರಿಗೆ ಪಾಠವಾಯಿತು. ಕ್ಯಾಸೆಟ್ ಆಟಗಳ ಗುಣಮಟ್ಟ ಏರಿದಂತೆ ಈ ಪ್ರೋಗ್ರಾಂ ಪುಟಗಳು ತೆಳುವಾದವು, ವಿಮರ್ಶೆಯ ಪುಟಗಳು ಹಿಗ್ಗಿದವು.

ವಿಮರ್ಶೆಗೆ ಒಂದು ಗಟ್ಟಿ ರೂಪ ಕೊಟ್ಟದ್ದು ಲಂಡನ್ನಿನಿಂದ ಬಹು ದೂರದ ಒಂದು ಸಣ್ಣ ಊರು. ವೇಲ್ಸ್ ಗಡಿಗೆ ಹತ್ತಿರದ ಶ್ರಾಪ್‌ಶೈರ್ ಜಿಲ್ಲೆಯ ಲಡ್ಲೋ, ಹಳೆಯ ಕೋಟೆಯೊಂದರ ಬುಡದಲ್ಲಿ ಬೆಳೆದ ಸಂತೆಯ ಊರು. ಅಲ್ಲಿ ರೋಜರ್ ಕೀನ್, ಸ್ವಿಟ್ಜರ್ಲೆಂಡ್ ಮೂಲದ ಚಿತ್ರಕಾರ ಆಲಿವರ್ ಫ್ರೇ, ಆತನ ಸೋದರ ಫ್ರಾಂಕೊ ಫ್ರೇ ಸೇರಿ ನ್ಯೂಸ್‌ಫೀಲ್ಡ್ ಎಂಬ ಸಂಸ್ಥೆ ಕಟ್ಟಿದರು. ಅವರದು ಮೊದಲು ಅಂಚೆಯ ಮೂಲಕ ಆಟಗಳನ್ನು ಮಾರುವ ವ್ಯಾಪಾರ. ಅದಕ್ಕಾಗಿ ತಯಾರಿಸಿದ ಬೆಲೆಪಟ್ಟಿಗೆ ‘ಕ್ರ್ಯಾಶ್’ ಎಂದು ಹೆಸರು. ಆ ಪಟ್ಟಿಯಲ್ಲಿ ಪ್ರತಿ ಆಟದ ಬಗ್ಗೆ ನಾಲ್ಕು ಮಾತು ಬರೆಯುತ್ತ ಬರೆಯುತ್ತ, ಗಿರಾಕಿಗಳಿಗೆ ಬೇಕಾಗಿರುವುದು ಆ ನಾಲ್ಕು ಮಾತೇ ಎಂಬುದು ಗೊತ್ತಾಯಿತು. 1984ರ ಆರಂಭದಲ್ಲಿ ‘ಕ್ರ್ಯಾಶ್’ ಸ್ಪೆಕ್ಟ್ರಮ್ ಆಟಗಳ ಮಾಸಪತ್ರಿಕೆಯಾಗಿ ಅಂಗಡಿಗೆ ಬಂತು. ಎರಡೇ ವರ್ಷಗಳಲ್ಲಿ, 1986ರ ಹೊತ್ತಿಗೆ, ಅದರ ಪ್ರಸಾರ ತಿಂಗಳಿಗೆ ಒಂದು ಲಕ್ಷ ಪ್ರತಿ ದಾಟಿತ್ತು.

ಆ ಯಶಸ್ಸಿನ ಬೇರು ಲಡ್ಲೋದ ಶಾಲೆಯಲ್ಲಿತ್ತು. ಆಟಗಳನ್ನು ತೂಗುವ ಕೆಲಸವನ್ನು ಕೀನ್ ಪತ್ರಕರ್ತರಿಗೆ ವಹಿಸದೆ ಊರಿನ ಶಾಲಾ ಹುಡುಗರಿಗೆ ವಹಿಸಿದರು. ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗರು ಕಚೇರಿಗೆ ಬಂದು ಆಡುತ್ತಿದ್ದರು, ಅನಿಸಿದ್ದನ್ನು ಬರೆದು ಹೋಗುತ್ತಿದ್ದರು. ಒಂದು ಆಟದ ಮೇಲೆ ಸಾಮಾನ್ಯವಾಗಿ ಮೂವರ ಅಭಿಪ್ರಾಯ ಅಕ್ಕಪಕ್ಕ ಅಚ್ಚಾಗುತ್ತಿತ್ತು. ಒಬ್ಬ ಮೆಚ್ಚಿದ್ದನ್ನು ಇನ್ನೊಬ್ಬ ತಳ್ಳಿಹಾಕಿದರೆ ಎರಡನ್ನೂ ಹಾಗೆಯೇ ಬಿಡುತ್ತಿದ್ದರು. ಕೊನೆಯಲ್ಲಿ ಗ್ರಾಫಿಕ್ಸ್, ಆಡುವ ಹಿತ, ಹಿಡಿದಿಡುವ ಗುಣ, ಕೊಟ್ಟ ಕಾಸಿಗೆ ಬೆಲೆ ಹೀಗೆ ಒಂದೊಂದಕ್ಕೂ ಶೇಕಡಾ ಅಂಕ, ಎಲ್ಲಕ್ಕೂ ಸೇರಿ ಒಂದು ಒಟ್ಟು ಅಂಕ. 90ರ ಮೇಲೆ ಬಂದರೆ ‘ಕ್ರ್ಯಾಶ್ ಸ್ಮ್ಯಾಶ್’ ಎಂಬ ಬಿರುದು. ಆಟದ ಕಂಪನಿಗಳು ಆ ಬಿರುದನ್ನು ತಮ್ಮ ಜಾಹೀರಾತಿನಲ್ಲಿ ದೊಡ್ಡದಾಗಿ ಮೆರೆಸಿಕೊಳ್ಳುತ್ತಿದ್ದವು. ಬರೆಯುವವನೂ ಓದುವವನೂ ಒಂದೇ ವಯಸ್ಸಿನವರಾದ್ದರಿಂದ ಆ ಬರಹಕ್ಕೆ ಉಪದೇಶದ ಧಾಟಿ ಬರಲಿಲ್ಲ. ಅಲ್ಲಿದ್ದದ್ದು ತಮ್ಮದೇ ಕಾಸು ಕಳೆದುಕೊಂಡವರ ಸಿಟ್ಟು, ಒಳ್ಳೆಯ ಆಟ ಸಿಕ್ಕವರ ಸಂಭ್ರಮ.

ಪುಟ ಕಟ್ಟುವ ಕೆಲಸವೂ ಕೈಕಸುಬೇ ಆಗಿತ್ತು. ಆಟದ ಚಿತ್ರ ಬೇಕೆಂದರೆ ಕೋಣೆಯನ್ನು ಕತ್ತಲು ಮಾಡಿ, ಟೀವಿಯ ಎದುರು ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಶಟರ್ ನಿಧಾನ ಮಾಡಿ ಫೋಟೊ ತೆಗೆಯಬೇಕಿತ್ತು. ಆಟ ನಿಲ್ಲುವುದಿಲ್ಲ, ಒಬ್ಬ ಆಡುತ್ತಿರಬೇಕು, ಇನ್ನೊಬ್ಬ ಸರಿಯಾದ ಗಳಿಗೆಗೆ ಗುಂಡಿ ಒತ್ತಬೇಕು. ಅಕ್ಷರ ಜೋಡಿಸಿದ ಹಾಳೆಗಳನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿ ಪುಟ ಮಾಡುತ್ತಿದ್ದರು. ಅಚ್ಚು, ಸಾಗಣೆ ಎಲ್ಲ ಮುಗಿದು ಅಂಗಡಿ ಸೇರುವ ಹೊತ್ತಿಗೆ ವಾರಗಳು ಉರುಳುತ್ತಿದ್ದವು. ಹಾಗಾಗಿ ಪತ್ರಿಕೆಯ ಸುದ್ದಿ ಯಾವಾಗಲೂ ಒಂದು ತಿಂಗಳು ಹಳೆಯದು. ಓದುಗರಿಗೆ ಅದು ಹಳೆಯದೆನಿಸಲಿಲ್ಲ, ಅದಕ್ಕಿಂತ ಮೊದಲೇ ತಿಳಿಯುವ ದಾರಿ ಯಾರಿಗೂ ಇರಲಿಲ್ಲವಲ್ಲ.

ಮುಖಪುಟ ಆಲಿವರ್ ಫ್ರೇಯದು. 1978ರ ‘ಸೂಪರ್‌ಮ್ಯಾನ್’ ಚಲನಚಿತ್ರದ ಆರಂಭದಲ್ಲಿ ತೆರೆದುಕೊಳ್ಳುವ ಕಾಮಿಕ್ ಪುಟಗಳನ್ನು ಬರೆದದ್ದು ಇದೇ ಕೈ. ಸ್ಪೆಕ್ಟ್ರಮ್ ಪರದೆಯಲ್ಲಿ ಏಳೆಂಟು ಬಣ್ಣಗಳ ಒರಟು ಚೌಕಗಳಾಗಿ ಕಾಣುವ ಗೊಂಬೆ, ಫ್ರೇಯ ಕುಂಚದಲ್ಲಿ ಬೆವರುವ, ಹಲ್ಲು ಕಡಿಯುವ ಮನುಷ್ಯನಾಗುತ್ತಿತ್ತು. ಆಟ ಹೇಳಲಾರದ್ದನ್ನು ಮುಖಪುಟ ಹೇಳುತ್ತಿತ್ತು. ಆ ತಲೆಮಾರಿನ ಆಟಗಾರರ ಕಲ್ಪನೆಯಲ್ಲಿ ಉಳಿದಿರುವ ಬಿಂಬಗಳು ಎಷ್ಟೋ ಸಲ ಪರದೆಯವಲ್ಲ, ಈ ಮುಖಪುಟಗಳವು. ಗೇಮ್ ಪತ್ರಿಕೆಗಳ ಇತಿಹಾಸದಲ್ಲಿ ಫ್ರೇಗೆ ಸಿಗಬೇಕಾದಷ್ಟು ಮನ್ನಣೆ ಆತ ಬದುಕಿದ್ದಾಗ ಕಲಾಲೋಕದಿಂದ ಸಿಗಲಿಲ್ಲ. 2022ರಲ್ಲಿ ಫ್ರೇ, 2023ರಲ್ಲಿ ಕೀನ್ ತೀರಿಕೊಂಡರು.

ಓದುಗರ ಓಲೆಗಳ ಪುಟವನ್ನು ನಡೆಸುತ್ತಿದ್ದವನ ಹೆಸರು ಲಾಯ್ಡ್ ಮ್ಯಾಂಗ್ರಂ. ಅಂಥವನೊಬ್ಬ ಇರಲೇ ಇಲ್ಲ; ಕಚೇರಿಯವರು ಸರದಿಯಂತೆ ಆ ಹೆಸರಿನಲ್ಲಿ ಬರೆಯುತ್ತಿದ್ದರು. ಆದರೂ ಅವನಿಗೆ ಪತ್ರಗಳು ಸುರಿಯುತ್ತಿದ್ದವು. ಅಂಕ ಕೊಟ್ಟದ್ದು ಅನ್ಯಾಯವೆಂಬ ಜಗಳ, ಕಮಡೋರ್ ಮೇಲೋ ಸ್ಪೆಕ್ಟ್ರಮ್ ಮೇಲೋ ಎಂಬ ಮುಗಿಯದ ವಾದ, ಕ್ಯಾಸೆಟ್ ನಕಲು ಮಾಡುವುದು ಕಳ್ಳತನವೇ ಎಂಬ ಚರ್ಚೆ ಎಲ್ಲ ಅಲ್ಲಿ ನಡೆಯುತ್ತಿತ್ತು. ಒಂದು ಪತ್ರಕ್ಕೆ ಉತ್ತರ ಬರಲು ತಿಂಗಳು, ಅದಕ್ಕೆ ಮರುತ್ತರಕ್ಕೆ ಇನ್ನೊಂದು ತಿಂಗಳು. ಬರೆಯುವವರಿಗೆ ಯೋಚಿಸಲು ಬಿಡುವಿತ್ತು, ಸಂಪಾದಕರಿಗೆ ಆರಿಸಲು ಬಿಡುವಿತ್ತು.

ಸುಳಿವುಗಳ ಪುಟಗಳು ಇನ್ನೂ ಹೆಚ್ಚು ಜೀವಂತವಾಗಿದ್ದವು. ಓದುಗರು ಆಟದ ಕೋಣೆಕೋಣೆಯನ್ನೂ ಗ್ರಾಫ್ ಹಾಳೆಯ ಮೇಲೆ ಬರೆದು ಕಳಿಸಿದ ನಕ್ಷೆಗಳು ಎರಡು ಪುಟಗಳ ತುಂಬ ಬಣ್ಣದಲ್ಲಿ ಅಚ್ಚಾಗುತ್ತಿದ್ದವು. ಜೊತೆಗೆ ‘ಪೋಕ್’ಗಳು. ಕಂಪ್ಯೂಟರಿನ ನೆನಪಿನ ಒಂದು ನಿರ್ದಿಷ್ಟ ಜಾಗದಲ್ಲಿ ಒಂದು ಸಂಖ್ಯೆ ಬದಲಿಸಿದರೆ ಆಟಗಾರನಿಗೆ ಸಾವೇ ಬರುವುದಿಲ್ಲ. ಅಂಥ ಸಂಖ್ಯೆಗಳನ್ನು ಓದುಗರೇ ಪತ್ತೆಹಚ್ಚಿ ಕಳಿಸುತ್ತಿದ್ದರು. 1984ರಲ್ಲಿ ಮ್ಯಾಥ್ಯೂ ಸ್ಮಿತ್ ಬರೆದ ‘ಜೆಟ್ ಸೆಟ್ ವಿಲ್ಲಿ’ ಬಂದಾಗ, ಅದನ್ನು ಮೊದಲು ಮುಗಿಸಿದವರಿಗೆ ಕಂಪನಿ ಬಹುಮಾನ ಘೋಷಿಸಿತ್ತು. ಆಟ ಮುಗಿಯುವಂತೆಯೇ ಇರಲಿಲ್ಲ. ಅಟ್ಟದ ಕೋಣೆಗೆ ಒಮ್ಮೆ ಹೋಗಿ ಬಂದರೆ ಬೇರೆ ಕೆಲವು ಕೋಣೆಗಳು ಕೆಟ್ಟುಹೋಗುವ ದೋಷ ಅದರಲ್ಲಿತ್ತು. ಅದನ್ನು ಸರಿಪಡಿಸುವ ಪೋಕ್‌ಗಳು ಪತ್ರಿಕೆಗಳ ಮೂಲಕವೇ ದೇಶವೆಲ್ಲ ಹರಡಿದವು. ಕ್ಯಾಸೆಟ್ ಒಮ್ಮೆ ಮಾರಾಟವಾದ ಮೇಲೆ ಅದನ್ನು ತಿದ್ದಲು ಬೇರೆ ವ್ಯವಸ್ಥೆಯೇ ಇಲ್ಲದ ದಿನಗಳಲ್ಲಿ ಆ ಸೇವೆಯನ್ನು ಮಾಡಿದ್ದು ಅಚ್ಚಿನ ಪುಟ.

1985ರ ಮೇ ಸಂಚಿಕೆಯೊಂದಿಗೆ ನ್ಯೂಸ್‌ಫೀಲ್ಡ್ ಕಮಡೋರ್ ಆಟಗಳಿಗಾಗಿ ‘ಝ್ಯಾಪ್ 64’ ಶುರುಮಾಡಿತು. ಅದರ ವಿಮರ್ಶಕರಲ್ಲಿ ಜೂಲಿಯನ್ ರಿಗ್ನಲ್ ಎಂಬಾತ ‘ಕಂಪ್ಯೂಟರ್ ಅಂಡ್ ವಿಡಿಯೊ ಗೇಮ್ಸ್’ ನಡೆಸಿದ ಆರ್ಕೇಡ್ ಸ್ಪರ್ಧೆ ಗೆದ್ದು ಬಂದವನು. ‘ಝ್ಯಾಪ್ 64’ರ ದೊಡ್ಡ ಕೊಡುಗೆ ವಿಮರ್ಶೆಗಿಂತ ಅದು ಅಚ್ಚು ಹಾಕಿದ ದಿನಚರಿಗಳು ಎನ್ನಬೇಕು. ಆ್ಯಂಡ್ರ್ಯೂ ಬ್ರೇಬ್ರೂಕ್ 1985ರಲ್ಲಿ ‘ಪ್ಯಾರಾಡ್ರಾಯ್ಡ್’ ಆಟವನ್ನು ಕಟ್ಟುತ್ತಿದ್ದಾಗ ತನ್ನ ಕೆಲಸದ ದಿನಚರಿಯನ್ನು ಕಂತುಕಂತಾಗಿ ಅದರಲ್ಲಿ ಬರೆದ. ಯಾವ ದಿನ ಯಾವುದು ಕೈಕೊಟ್ಟಿತು, ಬೈಟ್‌ಗಳ ಕೊರತೆಯನ್ನು ಹೇಗೆ ನೀಗಿಸಿದ್ದು, ಯಾವ ಉಪಾಯ ಬಿಟ್ಟುಬಿಡಬೇಕಾಯಿತು ಎಲ್ಲ ಅದರಲ್ಲಿದೆ. ಆಟವೊಂದು ಹುಟ್ಟುವ ಬಗೆಯನ್ನು ಅದರ ಕರ್ತೃವೇ, ಅದು ಹುಟ್ಟುತ್ತಿರುವಾಗಲೇ ಸಾಮಾನ್ಯ ಓದುಗರಿಗೆ ಹೇಳಿದ ಬರಹಗಳಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ. ಇಂದಿನ ಸಂಶೋಧಕರಿಗೆ ಅದು ಮೂಲ ಆಕರ.

ಪೈಪೋಟಿ ಬಿರುಸಾಗಿತ್ತು. 1985ರಲ್ಲಿ ‘ಕ್ರ್ಯಾಶ್’ ತನ್ನ ಎದುರಾಳಿ ‘ಸಿಂಕ್ಲೇರ್ ಯೂಸರ್’ ಪತ್ರಿಕೆಯನ್ನು ಅಣಕಿಸಿ ಪುಟಗಳನ್ನು ಹಾಕಿದಾಗ ಅದರ ಪ್ರಕಾಶಕರಾದ ಈಮ್ಯಾಪ್ ಕಾನೂನು ಕ್ರಮಕ್ಕೆ ಮುಂದಾಯಿತು. ಮಾರಾಟವಾಗದ ಪ್ರತಿಗಳಿಂದ ಆ ಪುಟಗಳನ್ನು ಕಿತ್ತು ತೆಗೆಯಬೇಕಾಯಿತು. ಇನ್ನೊಂದು ಎದುರಾಳಿ ‘ಯುವರ್ ಸಿಂಕ್ಲೇರ್’ ಬೇರೆಯೇ ದಾರಿ ಹಿಡಿಯಿತು. ಅದರ ಬಂಡವಾಳ ತಮಾಷೆ. ಆಟದ ಬಗ್ಗೆ ಹೇಳಬೇಕಾದ್ದನ್ನು ಹೇಳುತ್ತಲೇ ಬರಹಗಾರರು ಕಥೆ ಕಟ್ಟುತ್ತಿದ್ದರು, ಒಬ್ಬರನ್ನೊಬ್ಬರು ಕಿಚಾಯಿಸುತ್ತಿದ್ದರು, ಓದುಗರನ್ನು ತಮ್ಮ ಗುಂಪಿಗೆ ಎಳೆದುಕೊಳ್ಳುತ್ತಿದ್ದರು. ಕಂಪ್ಯೂಟರ್ ಮಾರಿಬಿಟ್ಟ ಮೇಲೂ ಆ ಪತ್ರಿಕೆ ಕೊಳ್ಳುವುದನ್ನು ಬಿಡದವರಿದ್ದರು. ಅದು 1993ರ ಸೆಪ್ಟೆಂಬರಿನವರೆಗೆ ಬಾಳಿತು, ಸ್ಪೆಕ್ಟ್ರಮ್ ತಯಾರಿಕೆಯೇ ನಿಂತುಹೋದ ಮೇಲೂ.

ನ್ಯೂಸ್‌ಫೀಲ್ಡ್ ಅಷ್ಟು ಕಾಲ ಬಾಳಲಿಲ್ಲ. ಆಟಗಳಿಂದ ಆಚೆ ಕಾಲಿಟ್ಟು ಯುವಜನರ ಸಾಮಾನ್ಯ ಪತ್ರಿಕೆಯೊಂದನ್ನು ತರುವ ಆಸೆಯಿಂದ ‘ಎಲ್‌ಎಂ’ ಶುರುಮಾಡಿತು. ಅದು ಕೆಲವೇ ಸಂಚಿಕೆಗಳಿಗೆ ಮುಗ್ಗರಿಸಿ ಹಣ ನುಂಗಿತು. ಸ್ಪೆಕ್ಟ್ರಮ್, ಕಮಡೋರ್ 64ರಂಥ 8 ಬಿಟ್ ಕಂಪ್ಯೂಟರುಗಳ ಕಾಲ ಮುಗಿಯುತ್ತ ಬಂದಂತೆ ಹಳೆಯ ಪತ್ರಿಕೆಗಳ ಮಾರಾಟವೂ ಇಳಿಯಿತು. 1991ರಲ್ಲಿ ಸಂಸ್ಥೆ ದಿವಾಳಿಯಾಯಿತು. ಬೇರೆಯವರು ಕೈಗೆತ್ತಿಕೊಂಡ ‘ಕ್ರ್ಯಾಶ್’ ಕೂಡ 1992ರಲ್ಲಿ ನಿಂತಿತು.

ಆ ಹೊತ್ತಿಗೆ ಈ ವ್ಯಾಪಾರದ ಕೇಂದ್ರ ದಕ್ಷಿಣಕ್ಕೆ, ಸಾಮರ್ಸೆಟ್ ಜಿಲ್ಲೆಗೆ ಸರಿದಿತ್ತು. ಅದನ್ನು ಸರಿಸಿದವರು ‘ಝ್ಯಾಪ್ 64’ರ ಮೊದಲ ಸಂಪಾದಕ ಕ್ರಿಸ್ ಆ್ಯಂಡರ್ಸನ್. ಪಾಕಿಸ್ತಾನದಲ್ಲಿ ಮಿಷನರಿ ದಂಪತಿಗಳಿಗೆ ಹುಟ್ಟಿ, ಮಸ್ಸೂರಿಯ ವುಡ್‌ಸ್ಟಾಕ್ ಶಾಲೆಯಲ್ಲಿ ಓದಿದವರು ಇವರು. ನ್ಯೂಸ್‌ಫೀಲ್ಡ್ ಬಿಟ್ಟು 1985ರಲ್ಲಿ ಸಾಮರ್ಟನ್ ಎಂಬ ಸಣ್ಣ ಊರಿನಲ್ಲಿ ಸಾಲ ಮಾಡಿ ಫ್ಯೂಚರ್ ಪಬ್ಲಿಷಿಂಗ್ ಶುರುಮಾಡಿದರು. ಮೊದಲ ಪತ್ರಿಕೆ ‘ಆ್ಯಮ್‌ಸ್ಟ್ರಾಡ್ ಆ್ಯಕ್ಷನ್’. ಸಂಸ್ಥೆ ಬೆಳೆದು ಬಾತ್ ನಗರಕ್ಕೆ ಹೋಯಿತು. ಒಂದೊಂದು ಯಂತ್ರಕ್ಕೂ ಒಂದೊಂದು, ಕೆಲವಕ್ಕೆ ಎರಡೆರಡು ಪತ್ರಿಕೆ ಹುಟ್ಟಿಸಿತು. 1994ರಲ್ಲಿ ಪಿಯರ್ಸನ್ ಕಂಪನಿ ಅದನ್ನು ಕೊಂಡದ್ದು 5 ಕೋಟಿ ಪೌಂಡಿಗೂ ಹೆಚ್ಚಿನ ಬೆಲೆಗೆ. ಆ್ಯಂಡರ್ಸನ್ ಮುಂದೆ ಟೆಡ್ ಉಪನ್ಯಾಸ ಸಂಸ್ಥೆಯ ಹೊಣೆ ಹೊತ್ತರು. ಆ ಉಪನ್ಯಾಸಗಳನ್ನು ಕೇಳುವ ಬಹಳ ಜನಕ್ಕೆ ಅವುಗಳ ಹಿಂದಿನ ಹಣದ ಮೂಲ ಗೇಮ್ ಮತ್ತು ಕಂಪ್ಯೂಟರ್ ಪತ್ರಿಕೆಗಳು ಎಂಬುದು ಗೊತ್ತಿಲ್ಲ.

1980ರ ದಶಕದ ಕೊನೆಗೆ ಮುಖಪುಟದ ಮೇಲೆ ಕ್ಯಾಸೆಟ್ ಅಂಟಿಸಿ ಕೊಡುವ ರೂಢಿ ಬಲವಾಯಿತು. ಮೊದಲು ಆಟದ ಒಂದು ತುಣುಕು, ಆಮೇಲೆ ಹಳೆಯ ಇಡೀ ಆಟ, ಆಮೇಲೆ ಎರಡು ಮೂರು ಆಟ. ಪತ್ರಿಕೆಯ ಬೆಲೆಗೆ ಆಟಗಳೇ ಸಿಕ್ಕಿದರೆ ಅಂಗಡಿಯಲ್ಲಿ ಆಟ ಕೊಳ್ಳುವವರು ಯಾರು ಎಂದು ತಯಾರಕರು ಗೊಣಗಿದರು, 1990ರ ದಶಕದ ಆದಿಯಲ್ಲಿ ಅವರ ಸಂಘ ಇದಕ್ಕೆ ತಡೆಯೊಡ್ಡಲು ಮುಂದಾಯಿತು. ಪತ್ರಿಕೆಗಳಿಗೂ ಇದು ಒಳ್ಳೆಯದು ಮಾಡಲಿಲ್ಲ. ಮಾರಾಟ ಏರಿತು, ನಿಜ. ಆದರೆ ಓದಲೆಂದು ಕೊಳ್ಳುವವರು, ಟೇಪಿಗಾಗಿ ಕೊಳ್ಳುವವರು ಯಾರು ಎಂಬ ಲೆಕ್ಕ ಸಂಪಾದಕರ ಕೈತಪ್ಪಿತು.

ಅಂಕಗಳಿಗೂ ಅದೇ ಗತಿಯಾಗಿತ್ತು. ಶೇಕಡಾ 73 ಬಂದ ಆಟ ಎಂದರೆ ಕೊಳ್ಳಬೇಡಿ ಎಂದೇ ಅರ್ಥವಾಗುವಷ್ಟು ಅಂಕಗಳು ಉಬ್ಬಿದ್ದವು. ಇದರ ವಿರುದ್ಧ ನಿಂತದ್ದು ಫ್ಯೂಚರ್‌ನದೇ ಪತ್ರಿಕೆ, ಅಮಿಗಾ ಕಂಪ್ಯೂಟರಿನ ಆಟಗಳಿಗೆ ಮೀಸಲಾದ ‘ಅಮಿಗಾ ಪವರ್’. 1991ರಿಂದ 1996ರವರೆಗೆ 65 ಸಂಚಿಕೆ ಬಂದ ಈ ಪತ್ರಿಕೆ, 50 ಎಂದರೆ ಸಾಧಾರಣ ಎಂದು ಸಾರಿ, ಸೊನ್ನೆಯಿಂದ ನೂರರವರೆಗೆ ಇಡೀ ಅಳತೆಗೋಲನ್ನು ಬಳಸಿತು. ಜಾಹೀರಾತು ಕೊಡುವ ಕಂಪನಿಯ ಆಟಕ್ಕೇ ಹತ್ತು ಇಪ್ಪತ್ತು ಅಂಕ ಕೊಟ್ಟು ಕಾರಣಗಳನ್ನು ಪುಟಗಟ್ಟಲೆ ಬರೆಯಿತು. ಕೆಲವು ತಯಾರಕರು ವಿಮರ್ಶೆಗೆ ಆಟ ಕಳಿಸುವುದನ್ನೇ ನಿಲ್ಲಿಸಿದರು. ಆದಾಯ ಬರುವುದು ಯಾರಿಂದಲೋ ಅವರ ಸರಕನ್ನೇ ತೂಗಬೇಕಾದ ಈ ಇಕ್ಕಟ್ಟು ಗೇಮ್ ಪತ್ರಿಕೆಗಳಿಗೆ ಹುಟ್ಟಿನಿಂದಲೇ ಅಂಟಿಕೊಂಡಿತ್ತು. ಸಿನಿಮಾ ವಿಮರ್ಶೆ ಹಾಕುವ ದಿನಪತ್ರಿಕೆಗೆ ಬೇರೆ ನೂರು ಜಾಹೀರಾತುಗಳಿರುತ್ತವೆ. ಇವಕ್ಕೆ ಆ ಆಸರೆ ಇರಲಿಲ್ಲ. ಆ ಒತ್ತಡದ ನಡುವೆಯೂ ನೇರವಾಗಿ ಬರೆದವರ ಧೈರ್ಯವನ್ನು ಸಣ್ಣದೆಂದು ಎಣಿಸಲಾಗದು.

1993ರ ಅಕ್ಟೋಬರ್ ಸಂಚಿಕೆಯೊಂದಿಗೆ ಶುರುವಾದ ‘ಎಡ್ಜ್’ ಇದೇ ಕಸುಬನ್ನು ದೊಡ್ಡವರ ಮನೆಗೆ ಒಯ್ದಿತು. ಸ್ಟೀವ್ ಜಾರಟ್ ಅದರ ಮೊದಲ ಸಂಪಾದಕ. ದಪ್ಪ ಕಾಗದ, ಗದ್ದಲವಿಲ್ಲದ ವಿನ್ಯಾಸ, ವಿಮರ್ಶೆಗಳ ಕೆಳಗೆ ಹೆಸರಿಲ್ಲ, ಹತ್ತಕ್ಕೆ ಅಂಕ. ಹತ್ತಕ್ಕೆ ಹತ್ತು ಮೊದಲು ಸಿಕ್ಕಿದ್ದು 1996ರಲ್ಲಿ ‘ಸೂಪರ್ ಮಾರಿಯೊ 64’ಕ್ಕೆ. 1994ರಲ್ಲಿ ‘ಡೂಮ್’ ಆಟಕ್ಕೆ ಏಳು ಅಂಕ ಕೊಟ್ಟ ವಿಮರ್ಶಕ, ಎದುರಾಗುವ ರಾಕ್ಷಸರೊಡನೆ ಮಾತಾಡಲು ಸಾಧ್ಯವಾಗಿದ್ದರೆ ಚೆನ್ನಿತ್ತು ಎಂದು ಬರೆದಿದ್ದ. ಆ ಮಾತು ದಶಕಗಳ ಕಾಲ ನಗೆಗೀಡಾಯಿತು. ಶತ್ರುಗಳೊಡನೆ ಮಾತಾಡಿ ಗೆಳೆತನ ಬೆಳೆಸಬಹುದಾದ ಆಟಗಳು ಆಮೇಲೆ ಬಂದು ಮೆಚ್ಚುಗೆ ಗಳಿಸಿದ್ದನ್ನು ನೋಡಿದರೆ ಆ ಆಸೆ ಅಷ್ಟೇನೂ ಅಸಂಬದ್ಧವಾಗಿರಲಿಲ್ಲ.

ಬೇರೆ ದೇಶಗಳಲ್ಲಿ ಈ ಪತ್ರಿಕೆಗಳ ಜಾಯಮಾನ ಬೇರೆಯಾಗಿತ್ತು. ಅಮೆರಿಕದಲ್ಲಿ 1988ರ ಜುಲೈ-ಆಗಸ್ಟ್ ಸಂಚಿಕೆಯೊಂದಿಗೆ ಬಂದ ‘ನಿಂಟೆಂಡೊ ಪವರ್’ ಯಂತ್ರ ತಯಾರಿಸಿದ ಕಂಪನಿಯೇ ನಡೆಸಿದ ಪತ್ರಿಕೆ. ಮೊದಲ ಮುಖಪುಟದಲ್ಲಿದ್ದದ್ದು ಮಣ್ಣಿನಲ್ಲಿ ಮಾಡಿದ ಮಾರಿಯೊ ಗೊಂಬೆ. ವಿಮರ್ಶೆಗಿಂತ ನಕ್ಷೆ, ಸುಳಿವುಗಳೇ ಅದರ ಜೀವಾಳ, ಲಕ್ಷಾಂತರ ಚಂದಾದಾರರಿದ್ದರು. ಅದಕ್ಕೆ ಎದುರಾಗಿ ನಿಂತ ‘ಎಲೆಕ್ಟ್ರಾನಿಕ್ ಗೇಮಿಂಗ್ ಮಂತ್ಲಿ’ 1992ರ ಏಪ್ರಿಲಿನಲ್ಲಿ ಓದುಗರನ್ನು ಏಪ್ರಿಲ್ ಫೂಲ್ ಮಾಡಲು, ‘ಸ್ಟ್ರೀಟ್ ಫೈಟರ್ 2’ ಆಟದಲ್ಲಿ ಶೆಂಗ್ ಲಾಂಗ್ ಎಂಬ ಗುಪ್ತ ಎದುರಾಳಿ ಇದ್ದಾನೆಂದು ಬರೆಯಿತು. ಬೇರೆ ದೇಶಗಳ ಪತ್ರಿಕೆಗಳೂ ಅದನ್ನು ನಿಜವೆಂದು ನಂಬಿ ಹಾಕಿದವು. ಅಚ್ಚಿನ ಮಾತಿಗೆ ಆಗ ಅಷ್ಟು ತೂಕವಿತ್ತು. ಜಪಾನಿನಲ್ಲಿ 1986ರಲ್ಲಿ ಹುಟ್ಟಿದ ‘ಫಾಮಿಟ್ಸು’ ವಾರಪತ್ರಿಕೆಯಾಗಿ ಬೆಳೆಯಿತು. ನಾಲ್ವರು ವಿಮರ್ಶಕರು ಹತ್ತು ಹತ್ತರಂತೆ ಕೊಡುವ ನಲವತ್ತು ಅಂಕಗಳ ಪದ್ಧತಿ ಅದರದು. ಪೂರ್ತಿ 40 ಮೊದಲು ದಕ್ಕಿದ್ದು 1998ರಲ್ಲಿ ‘ಜೆಲ್ಡಾ’ ಸರಣಿಯ ‘ಒಕರೀನಾ ಆಫ್ ಟೈಮ್’ ಆಟಕ್ಕೆ. ಜಪಾನಿನ ಕಥೆಯಲ್ಲಿ ಅದಕ್ಕಿಂತ ಆಪ್ತವಾದದ್ದು 1983ರಲ್ಲಿ ಸತೋಶಿ ತಜಿರಿ ಎಂಬ ಹದಿಹರೆಯದ ಹುಡುಗ ಕೈಯಲ್ಲೇ ಬರೆದು, ಸ್ಟೇಪಲ್ ಹೊಡೆದು ಹಂಚಿದ ‘ಗೇಮ್ ಫ್ರೀಕ್’. ಅದನ್ನು ಓದಿ ಮೆಚ್ಚಿ ಚಿತ್ರ ಬರೆಯಲು ಬಂದವರು ಕೆನ್ ಸುಗಿಮೊರಿ. ಪತ್ರಿಕೆ 1989ರಲ್ಲಿ ಅದೇ ಹೆಸರಿನ ಕಂಪನಿಯಾಯಿತು, 1996ರಲ್ಲಿ ಆ ಕಂಪನಿಯಿಂದ ‘ಪೊಕೆಮಾನ್’ ಬಂತು.

ಬ್ರಿಟನ್ನಿನಲ್ಲೂ ಪತ್ರಿಕೆಯ ಮೇಜಿನಿಂದ ಎದ್ದು ಬೇರೆಡೆ ಬೆಳೆದವರು ಕಡಿಮೆಯಿಲ್ಲ. ‘ಝ್ಯಾಪ್ 64’ರ ಗ್ಯಾರಿ ಪೆನ್ ಮುಂದೆ ‘ಗ್ರ್ಯಾಂಡ್ ಥೆಫ್ಟ್ ಆಟೊ’ ರೂಪಿಸಿದ ಸಂಸ್ಥೆಯಲ್ಲಿ ಕೆಲಸ ಮಾಡಿದರು. ‘ಪಿಸಿ ಝೋನ್’ನಲ್ಲಿ ವಿಮರ್ಶೆ, ವ್ಯಂಗ್ಯಚಿತ್ರ ಬರೆಯುತ್ತಿದ್ದ ಚಾರ್ಲಿ ಬ್ರೂಕರ್ ‘ಬ್ಲ್ಯಾಕ್ ಮಿರರ್’ ಸರಣಿ ಸೃಷ್ಟಿಸಿದರು. ಅದೇ ಪತ್ರಿಕೆಯ ರಿಯಾನಾ ಪ್ರ್ಯಾಚೆಟ್ 2013ರ ‘ಟೂಂಬ್ ರೇಡರ್’ ಆಟದ ಕಥೆ ಬರೆದರು. ‘ಪಿಸಿ ಗೇಮರ್’ನ ಗ್ಯಾರಿ ವಿಟ್ಟಾ ಹಾಲಿವುಡ್ಡಿನ ಚಿತ್ರಕಥೆಗಾರರಾದರು. ಒಂದು ಪುಟದೊಳಗೆ, ಗಡುವಿನೊಳಗೆ, ಹಿಂದೆ ಯಾರೂ ಬರೆಯದ ವಸ್ತುವಿನ ಬಗ್ಗೆ ಸ್ವಂತ ದನಿಯಲ್ಲಿ ಬರೆಯುವುದು ಕಠಿಣ ಗರಡಿ.

ಆದರೆ ಆ ಗರಡಿ ಬಹುಪಾಲು ಹುಡುಗರದೇ. ‘ಯುವರ್ ಸಿಂಕ್ಲೇರ್’ಗೆ ಟೆರೀಸಾ ಮಾನ್ ಸಂಪಾದಕಿಯಾಗಿದ್ದರು ಎಂಬುದು ಅಪವಾದ. ಜಾಹೀರಾತುಗಳಲ್ಲಿ ಹೆಣ್ಣು ಹೆಚ್ಚಾಗಿ ಅಲಂಕಾರದ ವಸ್ತು. 1987ರ ‘ಬಾರ್ಬೇರಿಯನ್’ ಆಟವನ್ನು ಅರೆಬೆತ್ತಲೆ ರೂಪದರ್ಶಿಯ ಚಿತ್ರದಿಂದಲೇ ಮಾರಲಾಯಿತು. ಆಟವೆಂದರೆ ಗಂಡು ಮಕ್ಕಳ ಸ್ವತ್ತು ಎಂಬ ನಂಬಿಕೆ ಗಟ್ಟಿಯಾಗಲು ಈ ಪತ್ರಿಕೆಗಳೂ ಕಾರಣ. ಆ ಕಾಲವನ್ನು ಪ್ರೀತಿಯಿಂದ ನೆನೆಯುವವರು ಇದನ್ನೂ ನೆನಪಿಡಬೇಕಾಗುತ್ತದೆ.

ಮಾರಾಟದ ಶಿಖರ ಬಂದದ್ದು ಪ್ಲೇಸ್ಟೇಶನ್ ಕಾಲದಲ್ಲಿ. 1995ರಲ್ಲಿ ಶುರುವಾದ ಅದರ ಅಧಿಕೃತ ಬ್ರಿಟಿಷ್ ಪತ್ರಿಕೆ ಪ್ರತಿ ತಿಂಗಳೂ ಆಡಬಹುದಾದ ತುಣುಕುಗಳಿದ್ದ ಡಿಸ್ಕ್ ಕೊಡುತ್ತಿತ್ತು. ಪ್ಲೇಸ್ಟೇಶನ್ ತಯಾರಿಸುವ ಸೋನಿ ಕಂಪನಿಯ ಅನುಮತಿಯಿಲ್ಲದೆ ಅಂಥ ಡಿಸ್ಕ್ ಮಾಡುವ ಹಾಗಿರಲಿಲ್ಲವಾದ್ದರಿಂದ ಎದುರಾಳಿಗಳು ಕೈಚೆಲ್ಲಿದರು. 1999ರ ಆರಂಭದಲ್ಲಿ, ‘ಮೆಟಲ್ ಗೇರ್ ಸಾಲಿಡ್’ ತುಣುಕು ಇದ್ದ ಸಂಚಿಕೆ ನಾಲ್ಕೂವರೆ ಲಕ್ಷದಷ್ಟು ಮಾರಾಟವಾಯಿತು. ಹವ್ಯಾಸಿಗಳು ನೆಟ್ ಯಾರೋಜೆ ಎಂಬ ಕಿಟ್ ಬಳಸಿ ಕಟ್ಟಿದ ಪುಟ್ಟ ಆಟಗಳಿಗೂ ಆ ಡಿಸ್ಕ್‌ಗಳಲ್ಲಿ ಜಾಗ ಸಿಗುತ್ತಿತ್ತು. ಭಾರತದಲ್ಲಿ ಇದೇ ಅನುಭವ ತುಸು ತಡವಾಗಿ, ಕಂಪ್ಯೂಟರ್ ಪತ್ರಿಕೆಗಳ ರೂಪದಲ್ಲಿ ಬಂತು. ಫೋನ್ ತಂತಿಯ ಮೇಲೆ ಇಂಟರ್ನೆಟ್ ತೆವಳುತ್ತಿದ್ದ ದಿನಗಳಲ್ಲಿ, 2001ರಲ್ಲಿ ಬಂದ ‘ಡಿಜಿಟ್’ನಂಥ ಇಂಗ್ಲಿಷ್ ಮಾಸಪತ್ರಿಕೆಗಳ ಸಿಡಿಯಲ್ಲಿ ಆಟದ ತುಣುಕುಗಳು, ತಿದ್ದುಪಡಿಗಳು ಸಿಗುತ್ತಿದ್ದವು. ಅದರ ‘ಸ್ಕೋರ್’ ಪುರವಣಿ ಆಟಗಳಿಗೇ ಮೀಸಲು. ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಕನ್ನಡದ ಎಷ್ಟೋ ಹುಡುಗರು ಆಟಗಳ ಲೋಕವನ್ನು ಕಂಡದ್ದು ಇಂಥ ಸಿಡಿಗಳ ಮೂಲಕ.

ಇಳಿಗಾಲಕ್ಕೆ ಕಾರಣ ಹುಡುಕಬೇಕಿಲ್ಲ. ಪತ್ರಿಕೆ ಮಾರುತ್ತಿದ್ದ ಒಂದೊಂದು ಸರಕೂ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ದೊರೆಯಿತು. ಮೊದಲು ಸುಳಿವು, ಆಮೇಲೆ ಸುದ್ದಿ, ಆಮೇಲೆ ಚಿತ್ರ, ಬ್ರಾಡ್‌ಬ್ಯಾಂಡ್ ಬಂದ ಮೇಲೆ ಆಟದ ತುಣುಕು, ಯೂಟ್ಯೂಬ್ ಬಂದ ಮೇಲೆ ಆಟವನ್ನು ಕಣ್ಣಾರೆ ನೋಡುವ ಅವಕಾಶ. ಜಾಹೀರಾತೂ ಅತ್ತ ಹರಿಯಿತು. ‘ಕಂಪ್ಯೂಟರ್ ಅಂಡ್ ವಿಡಿಯೊ ಗೇಮ್ಸ್’ 2004ರಲ್ಲಿ ಅಚ್ಚು ನಿಲ್ಲಿಸಿತು. ‘ಪಿಸಿ ಝೋನ್’ 2010ರಲ್ಲಿ, ‘ನಿಂಟೆಂಡೊ ಪವರ್’ ಮೊದಲ ಮುಖಪುಟದ ಮಣ್ಣಿನ ಗೊಂಬೆಯನ್ನು ಮತ್ತೆ ಹಾಕಿಕೊಂಡು 2012ರಲ್ಲಿ, ‘ಗೇಮ್ಸ್‌ಮಾಸ್ಟರ್’ 2018ರಲ್ಲಿ ನಿಂತವು. 1991ರಿಂದ ನಡೆದ ಅಮೆರಿಕದ ‘ಗೇಮ್ ಇನ್ಫಾರ್ಮರ್’ 2024ರ ಆಗಸ್ಟಿನಲ್ಲಿ ಮುಚ್ಚಿ, 2025ರಲ್ಲಿ ಹೊಸ ಒಡೆಯರ ಕೈಯಲ್ಲಿ ಮತ್ತೆ ತೆರೆಯಿತು. ‘ಎಡ್ಜ್’ ಮಾತ್ರ ಎಲ್ಲ ಅಲೆಗಳನ್ನೂ ದಾಟಿ ಅಚ್ಚಿನಲ್ಲಿ ಉಳಿದುಕೊಂಡಿತು.

ಮಾಹಿತಿಯ ಲೆಕ್ಕದಲ್ಲಿ ಓದುಗರು ಏನನ್ನೂ ಕಳೆದುಕೊಂಡಿಲ್ಲ. ಹಿಂದಿಗಿಂತ ಸಾವಿರ ಪಾಲು ಹೆಚ್ಚೇ ಸಿಗುತ್ತದೆ. ಆ ಪತ್ರಿಕೆಗಳಿಗಾಗಿ ಹಂಬಲಿಸುವವರು ನೆನೆಯುವುದು ಮಾಹಿತಿಯನ್ನಲ್ಲ, ಹೆಸರುಗಳನ್ನು. ರಿಗ್ನಲ್ ಮೆಚ್ಚಿದ ಆಟ ತನಗೆ ಹಿಡಿಸುತ್ತದೆ, ಇನ್ನೊಬ್ಬ ಬೈದದ್ದೇ ತನಗೆ ಇಷ್ಟ ಎಂಬಷ್ಟು ಆ ವಿಮರ್ಶಕರ ರುಚಿ ಓದುಗರಿಗೆ ಪರಿಚಿತವಾಗಿತ್ತು. ತಿಂಗಳಿಗೊಮ್ಮೆ ಕೈಸೇರುವ ನೂರು ಪುಟಕ್ಕೆ ಮೊದಲಿತ್ತು, ಕೊನೆಯಿತ್ತು. ಆಟ ಕೊಳ್ಳಲು ಕಾಸಿಲ್ಲದವನೂ ಅದನ್ನು ಮುಖಪುಟದಿಂದ ಕೊನೆಯ ಜಾಹೀರಾತಿನವರೆಗೆ ಓದಿ, ಆಡದ ಆಟಗಳ ಬಗ್ಗೆ ಗೆಳೆಯರೊಡನೆ ವಾದಿಸಬಹುದಿತ್ತು. ಎಷ್ಟೋ ಆಟಗಳನ್ನು ಆ ತಲೆಮಾರು ಆಡಿದ್ದಕ್ಕಿಂತ ಹೆಚ್ಚು ಓದಿದೆ.

ಆ ಹಂಬಲವೇ ಒಂದು ಮಾರುಕಟ್ಟೆಯಾಯಿತು. 2004ರಲ್ಲಿ ಹಳೆಯ ಆಟಗಳಿಗೇ ಮೀಸಲಾದ ‘ರೆಟ್ರೊ ಗೇಮರ್’ ಬಂತು. ಮರುವರ್ಷವೇ ಅದರ ಪ್ರಕಾಶಕರು ಮುಳುಗಿದರೂ ಇನ್ನೊಬ್ಬರು ಎತ್ತಿಕೊಂಡು ನಡೆಸಿದರು. ‘ಕ್ರ್ಯಾಶ್’ ಮತ್ತು ‘ಝ್ಯಾಪ್ 64’ ಕೂಡ ಅಭಿಮಾನಿಗಳ ಹಣದಿಂದ ಚಿಕ್ಕ ಆಕಾರದಲ್ಲಿ ಮರುಹುಟ್ಟು ಪಡೆದವು.

ಹಳೆಯ ಸಂಚಿಕೆಗಳನ್ನು ಉಳಿಸುವ ಕೆಲಸ ಹೆಚ್ಚು ತೊಡಕಿನದು. ಅಗ್ಗದ ಕಾಗದ ಹಳದಿಯಾಗಿ ಮುರಿಯುತ್ತದೆ, ಅಂಟಿಸಿದ ಕ್ಯಾಸೆಟ್ ಕಳೆದುಹೋಗಿರುತ್ತದೆ. ಗ್ರಂಥಾಲಯಗಳು ಇವನ್ನು ಮಕ್ಕಳ ಸರಕೆಂದು ಹೆಚ್ಚಾಗಿ ಕೂಡಿಡಲಿಲ್ಲ. ಆ ಹೊಣೆ ಹೊತ್ತವರು ಹವ್ಯಾಸಿಗಳು. ಪತ್ರಿಕೆಗಳ ಬೆನ್ನು ಬಿಚ್ಚಿ, ಪುಟಪುಟವನ್ನೂ ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಸೇರಿಸಿದರು. ಹಕ್ಕುಸ್ವಾಮ್ಯದ ಪ್ರಶ್ನೆ ಅಲ್ಲಿ ತೂಗುಗತ್ತಿಯಾಗಿಯೇ ಇದೆ. 2016ರಲ್ಲಿ ನಿಂಟೆಂಡೊ ಕೇಳಿದ್ದರಿಂದ ‘ನಿಂಟೆಂಡೊ ಪವರ್’ ಸಂಚಿಕೆಗಳನ್ನು ಅಲ್ಲಿಂದ ತೆಗೆಯಬೇಕಾಯಿತು. ಫ್ರ್ಯಾಂಕ್ ಸಿಫಾಲ್ಡಿ ಕಟ್ಟಿದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2025ರ ಜನವರಿಯಲ್ಲಿ ತನ್ನ ಡಿಜಿಟಲ್ ಗ್ರಂಥಾಲಯವನ್ನು ಎಲ್ಲರಿಗೂ ತೆರೆಯಿತು. ಅದರಲ್ಲಿ ಅಚ್ಚು ನಿಂತ ಪತ್ರಿಕೆಗಳ 1,500ಕ್ಕೂ ಹೆಚ್ಚು ಸಂಚಿಕೆಗಳಿದ್ದವು. ಒಂದು ಆಟದ ಹೆಸರನ್ನೋ ಒಬ್ಬ ಪ್ರೋಗ್ರಾಮರನ ಹೆಸರನ್ನೋ ಬರೆದು, ಅದು ಯಾವ ಯಾವ ಪುಟದಲ್ಲಿ ಬಂದಿದೆ ಎಂದು ಅಲ್ಲಿ ಹುಡುಕಬಹುದು. ಎಂದೂ ಬಿಡುಗಡೆಯಾಗದೆ ಕೈಬಿಟ್ಟುಹೋದ ಎಷ್ಟೋ ಆಟಗಳಿಗೆ ಈ ಪತ್ರಿಕೆಗಳಲ್ಲಿ ಬಂದ ಮುನ್ನೋಟದ ಪುಟ, ಒಂದೆರಡು ಚಿತ್ರಗಳ ಹೊರತು ಬೇರೆ ದಾಖಲೆಯೇ ಇಲ್ಲ.